ಶಿಳ್ಳೆ ಹಾಕುವ ಸೊಸೆ

ನನ್ನ ಬಾಯಿ ಸೊಟ್ಟಗಾದದ್ದು ಶಿಳ್ಳೆ ಹಾಕಿದ್ದರಿಂದಲೇ ಎಂದು ನಂಬುವವರು ಯಲ್ದೂರಿನಲ್ಲಿ ಈಗಲೂ ಇದ್ದಾರೆ. ಅವರ ಜೊತೆ ವಾದ ಮಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಆದರೆ ಮೊನ್ನೆ ನಮ್ಮ ಬೀದಿಯ ಒಬ್ಬ ಹುಡುಗಿಗೆ ಹೀಗೇ ಆಗಿದೆ, ಬಾಗಿಲು ಹಾಕಿಕೊಂಡು ಕೂತವಳು ಯಾರಿಗೂ ಮುಖ ತೋರಿಸುತ್ತಿಲ್ಲ ಎಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಓದಲು ಬಾರದಿದ್ದರೆ ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಲಿ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲು ನಾನು ಕೋಲಾರದಿಂದ ಮದುವೆಯಾಗಿ ಈ ಊರಿಗೆ ಬಂದೆ. ಆಗ ನನಗೆ ಇಪ್ಪತ್ತು ತುಂಬಿರಲಿಲ್ಲ. ನಮ್ಮ ಯಜಮಾನರಿಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಲಸ. ಮಾವು ಹೂ ಬಿಟ್ಟಿತೆಂದರೆ ಅವರು ತೋಟ ತೋಟ ಅಲೆದು ಫಸಲು ಮಾತಾಡಿಕೊಂಡು ಬರಬೇಕು, ಮನೆಯಲ್ಲಿ ಇರುತ್ತಿದ್ದದ್ದೇ ಅಪರೂಪ. ಮಾವ ತೀರಿಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ ಮುನಿಯಮ್ಮ, ಮದುವೆಯ ವಯಸ್ಸಿಗೆ ಬಂದಿದ್ದ ನಾದಿನಿ ವೆಂಕಟಲಕ್ಷ್ಮಿ. ಅತ್ತೆಯ ಬಾಯಿ ಎಷ್ಟು ಜೋರು ಎಂದರೆ, ಅವರು ಒಳಗೆ ಕೆಮ್ಮಿದರೆ ಬೀದಿಯಲ್ಲಿ ಹೋಗುವವರು ನಿಂತು ನೋಡಬೇಕು.

ಹೊಸ ಮನೆಯಲ್ಲಿ ನನಗೆ ಮೊದಲು ಒಗ್ಗಿದ್ದು ಹಿತ್ತಲು. ಒಂದು ನುಗ್ಗೆ ಮರ, ಒಂದು ಸೀಬೆ ಗಿಡ, ಬಟ್ಟೆ ಒಗೆಯುವ ಕಲ್ಲು, ಸುತ್ತ ಕಳ್ಳಿ ಬೇಲಿ. ಬೆಳಗ್ಗೆ ರಾಗಿ ಕೇರಿದಾಗ ಉಳಿದ ನುಚ್ಚು, ಜೊಳ್ಳು ಎಲ್ಲವನ್ನೂ ಅಲ್ಲೇ ಚೆಲ್ಲುತ್ತಿದ್ದೆ. ಗುಬ್ಬಚ್ಚಿ, ಗೊರವಂಕ, ಬೆಳವ, ಪಾರಿವಾಳ, ಗುಂಪು ಗುಂಪಾಗಿ ಬಂದು ಜಗಳವಾಡುವ ಹರಟೆಮಲ್ಲ, ಎಲ್ಲ ಬರುತ್ತಿದ್ದವು. ಒಡೆದ ಮಡಕೆಯ ತಳದಲ್ಲಿ ನೀರಿಟ್ಟು, ಬೆಕ್ಕು ಹೊಂಚು ಹಾಕದ ಹಾಗೆ ಸುತ್ತ ಜಾಲಿ ಮುಳ್ಳು ಜೋಡಿಸಿದೆ. ಬಿಸಿಲಿಗೆ ನೀರು ಕಾಯುತ್ತದೆಂದು ಮಡಕೆಯನ್ನು ನುಗ್ಗೆಯ ನೆರಳಿಗೆ ಸರಿಸಿದೆ. ಸುಗ್ಗಿಯಲ್ಲಿ ನವಣೆ ತೆನೆಗಳ ಗೊಂಚಲು ಕಟ್ಟಿ ಸೂರಿಗೆ ನೇತು ಹಾಕಿದೆ. ಗುಬ್ಬಚ್ಚಿಗಳು ತಲೆಕೆಳಗಾಗಿ ನೇತಾಡಿಕೊಂಡು ತಿನ್ನುವುದನ್ನು ನೋಡುತ್ತ ಎಷ್ಟೋ ಸಲ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ.

ಕಾಳು ಚೆಲ್ಲಿ ಒಂದು ಶಿಳ್ಳೆ ಹಾಕುವುದು ನನ್ನ ಅಭ್ಯಾಸ. ಕೋಲಾರದಲ್ಲಿ ನಮ್ಮಣ್ಣ ಕಲಿಸಿಕೊಟ್ಟದ್ದು. ಅಣ್ಣನಿಗಿಂತ ನನ್ನದೇ ಚೆನ್ನಾಗಿತ್ತು, ಈ ಜಂಬ ಇವತ್ತಿಗೂ ಇದೆ. ಆದರೆ ಸೊಸೆಯಾದವಳು ಶಿಳ್ಳೆ ಹಾಕುವುದೆಂದರೇನು! ಅತ್ತೆ ಒಂದು ದಿನ ಕೇಳಿಸಿಕೊಂಡು ಕೈಯಲ್ಲಿದ್ದ ಸೌಟಿನ ಸಮೇತ ಹಿತ್ತಲಿಗೆ ಬಂದರು.

“ಏನೇ ಅದು, ಗಂಡಸ್ರಂಗೆ? ಮಾವಿನ ತೋಪು ಕಾಯೋ ಹೈದ್ರು ಹಾಕ್ದಂಗೆ! ಬೀದೀಲಿ ಕೇಳ್ದೋರು ಏನಂತಾರೆ? ನೋಡ್ತಿರು, ಒಂದಿನ ನಿನ್ ತುಟಿ ಅಂಗೇ ಸೊಟ್ಟಗೆ ನಿಂತೋಗ್ತದೆ!”

ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಆಮೇಲೆ ಅವರು ಹೊಲಕ್ಕೆ ಹೋದ ಹೊತ್ತು ನೋಡಿ ಮೆಲ್ಲಗೆ ಹಾಕುತ್ತಿದ್ದೆ.

ಪುಷ್ಯ ಮಾಸದ ಚಳಿ. ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಲು ನೀರು ತುಂಬಿಕೊಂಡೆ. ಉಗುಳುವುದಕ್ಕೆ ಮುಂಚೆಯೇ ಬಲಗಡೆಯಿಂದ ನೀರು ತಾನಾಗಿ ಸುರಿದು ಕುಪ್ಪಸ ತೋಯಿತು. ನಿದ್ದೆಗಣ್ಣು ಎಂದುಕೊಂಡು ಮತ್ತೆ ತುಂಬಿಕೊಂಡೆ, ಮತ್ತೆ ಸುರಿಯಿತು. ನೀರು ತರಲು ಬಂದ ವೆಂಕಟಿ ನನ್ನನ್ನು ನೋಡಿ ಬಿಂದಿಗೆ ಕೆಳಗಿಟ್ಟವಳೇ, “ಅವ್ವಾ, ಅತ್ತಿಗೆ ಮುಖ ನೋಡ್ಬಾ” ಎಂದು ಕಿರುಚಿದಳು. ಅತ್ತೆ ಓಡಿ ಬಂದರು. ನನ್ನ ಮುಖ ನೋಡಿದ್ದೇ ತಡ, ಅವರ ಕೈ ತಾನಾಗಿ ತಮ್ಮ ಬಾಯಿಯನ್ನು ಮುಚ್ಚಿಕೊಂಡಿತು. ಆ ಮನೆಯಲ್ಲಿ ಅವರು ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಳಗೆ ಹೋಗಿ ಕನ್ನಡಿ ನೋಡಿದೆ. ಬಲಗಣ್ಣು ಮುಚ್ಚುತ್ತಿಲ್ಲ, ಬಲಗಲ್ಲ ಜೋತುಬಿದ್ದಿದೆ, ಬಾಯಿ ಎಡಕ್ಕೆ ಎಳೆದುಕೊಂಡಿದೆ. ಅಳಲು ಹೋದರೆ ಅಳು ಕೂಡ ಅರ್ಧ ಮುಖಕ್ಕೆ ಮಾತ್ರ ಬಂತು. ಸಾಯುತ್ತೇನೇನೋ ಎಂಬ ಭಯ ಆಮೇಲೆ ಬಂದದ್ದು. ಮೊದಲು ಬಂದದ್ದು ನಾಚಿಕೆ. ಕದ್ದು ಹಾಕಿದ ಶಿಳ್ಳೆಗಳೆಲ್ಲ ಊರಿಗೆ ಕಾಣುವ ಹಾಗೆ ಮುಖದ ಮೇಲೆ ಬಂದು ಕೂತಿವೆ ಎಂದು ನನಗೆ ಅನ್ನಿಸಿತು. ನಾನೂ ಈ ಊರವರ ಹಾಗೆಯೇ ನಂಬಿದ್ದೆ, ಮುಚ್ಚಿಡುವುದೇಕೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು! ಮುಳಬಾಗಿಲ ಕಡೆಯಿಂದ ಬಂದ ಮಂತ್ರದ ಮುದುಕ ನನ್ನ ಗಲ್ಲ ಹಿಡಿದು ನೋಡಿ, “ಗಾಲಿ ಕೊಟ್ಟಿಂದಮ್ಮಾ, ಗಾಳಿ ಹೊಡ್ದೈತೆ” ಎಂದು ಬೇವಿನ ಸೊಪ್ಪು ಬೀಸಿ ಹೋದ. ಎದುರುಮನೆಯಾಕೆ ಬಂದು, ಪಾರಿವಾಳದ ಬಿಸಿ ರಕ್ತ ಹಚ್ಚಿದರೆ ಲಕ್ವ ಹೋಗುತ್ತದೆ ಎಂದಳು. “ಹುಡುಕ್ಕೊಂಡೋಗೋದೇನೂ ಬೇಡ, ನಿಮ್ ಹಿತ್ಲಿಗೇ ಬರ್ತವಲ್ಲ. ಕಾಳು ಹಾಕಿ ಬುಟ್ಟಿ ಕವುಚಿದ್ರಾಯ್ತು.”

ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಮುಖ ನೆಟ್ಟಗಾಗಲಿ ಎಂಬ ಆಸೆ ಎಷ್ಟಿತ್ತೆಂದರೆ, ಬೇಡ ಎನ್ನಲು ನನ್ನ ಬಾಯಿ ಏಳಲಿಲ್ಲ. ಅತ್ತೆಯೇ ಅಂದರು: “ಕರ್ದು ಕಾಳ್ ಹಾಕಿ ಕತ್ತು ಮುರಿಯೋದಾ? ನಮ್ಮನೇಲಿ ಅಂಥದ್ದೆಲ್ಲ ಇಲ್ಲ, ಹೋಗಮ್ಮಿ.” ಹಕ್ಕಿಗಳಿಗೆ ಚೆಲ್ಲುವ ನುಚ್ಚಿಗಾಗಿ ನನ್ನನ್ನು ದಿನಾ ಬೈಯುತ್ತಿದ್ದವರು ಅವರೇ.

ಕೊನೆಗೆ ಯಜಮಾನರು ಕೋಲಾರದ ಆಸ್ಪತ್ರೆಗೆ ಹೋಗಿ ಎಂದರು. ಅವರಿಗೆ ಬಿಡುವಿಲ್ಲ, ಅತ್ತೆ ಹೊರಟರು. ಶ್ರೀನಿವಾಸಪುರದವರೆಗೆ ಗಾಡಿ, ಅಲ್ಲಿಂದ ಚಿಕ್ಕ ರೈಲು. ಸೆರಗನ್ನು ಮೂಗಿನವರೆಗೆ ಎಳೆದು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಿದ್ದೆ, ಎಡಗಡೆಯ ಹಲ್ಲಿನಲ್ಲಿ. ಆಸ್ಪತ್ರೆಯ ಜಗಲಿಯಲ್ಲಿ ಹೆಂಗಸರ ಸಾಲು ಬಾಗಿಲವರೆಗೆ ಇತ್ತು. ಹುಟ್ಟಿದೂರು, ಯಾರಾದರೂ ಗುರುತಿನವರು ಕಂಡಾರು ಎಂದು ಗೋಡೆಯ ಕಡೆ ತಿರುಗಿ ಕೂತೆ. ಬಾಯಾರಿಕೆಗೆ ಅತ್ತೆ ಚೊಂಬು ಕೊಟ್ಟರೂ ಕುಡಿಯಲಿಲ್ಲ. ಎಲ್ಲರೆದುರು ನೀರು ಸುರಿದುಕೊಂಡು ಕೂರುವವರಾರು?

ಪಕ್ಕದಲ್ಲಿ ಒಬ್ಬ ಮುಸಲ್ಮಾನರ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ತನ್ನ ಚಾಪೆಯನ್ನು ನನ್ನ ಕಡೆಗೆ ಸರಿಸಿ, ಯಾರಿಗೂ ಕೇಳದ ಹಾಗೆ ಅಂದಳು: “ಬೇಟಿ, ಜೋತಿರೋ ಕಡೆ ತುಟೀನ ಬೆರಳಲ್ಲಿ ಒತ್ತಿ ಹಿಡ್ಕೋ. ಇನ್ನೊಂದು ಕಡೆಯಿಂದ ಕುಡಿ. ಚೆಲ್ಲಲ್ಲ.”

ಹಾಗೇ ಮಾಡಿದೆ. ಒಂದು ಹನಿಯೂ ಚೆಲ್ಲಲಿಲ್ಲ. “ನಿಮಗೆ ಹೇಗೆ ಗೊತ್ತು?” ಎಂದೆ. “ನಂದೂ ಹಿಂಗೇ ಆಗಿತ್ತು. ದೊಡ್ಡ ಮಗ ಹೊಟ್ಟೇಲಿದ್ದಾಗ” ಎಂದಳು. ಅವಳ ಮುಖದಲ್ಲಿ ಆ ಗುರುತನ್ನು ಎಷ್ಟು ಹುಡುಕಿದರೂ ಕಾಣಲಿಲ್ಲ. ನಾನು ಹುಡುಕುವುದನ್ನು ನೋಡಿ ಅವಳಿಗೆ ನಗು ಬಂತು. ಆಗ ಮಾತ್ರ ತುಟಿಯ ತುದಿ ಒಂದಿಷ್ಟು ಹಿಂದುಳಿಯಿತು. ಆ ನಗುವನ್ನು ನೋಡಿದಷ್ಟು ಆಸೆಯಿಂದ ನಾನು ದೇವರ ವಿಗ್ರಹವನ್ನೂ ನೋಡಿಲ್ಲ.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಸೆರಗು ತೆಗೆಸಿ, ಬೆಳಕಿನ ಕಡೆ ಕೂರಿಸಿ, ಒಂದೊಂದೇ ಹೇಳಿದರು. “ಹುಬ್ಬು ಎತ್ತಮ್ಮ. ಕಣ್ಣು ಮುಚ್ಚು. ಹಲ್ಲು ತೋರಿಸು. ಗಲ್ಲ ಉಬ್ಬಿಸು. ಎಲ್ಲಿ, ಈಗ ಒಂದು ಶಿಳ್ಳೆ ಹಾಕು.”

ನನ್ನ ಕಿವಿ ಬಿಸಿಯಾಯಿತು. ಅತ್ತೆ ಪಕ್ಕದಲ್ಲೇ ನಿಂತಿದ್ದಾರೆ. “ನಂಗೆ ಬರಲ್ಲ” ಎಂದೆ.

“ಬರ್ತದೆ ಸಾಮಿ, ಚೆನ್ನಾಗಿ ಬರ್ತದೆ. ಹಾಕೇ” ಎಂದರು ಅತ್ತೆ.

ಹಾಕಲು ಹೋದೆ. ಬಲಗಡೆಯಿಂದ ಬರೀ ಗಾಳಿ ಪುಸ್ಸೆಂದು ಹೋಯಿತು. ಪರದೆಯ ಆಚೆ ಯಾರೋ ನಕ್ಕರು. ಆ ಕ್ಷಣ ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಡಾಕ್ಟರು ಮಾತ್ರ ಏನೂ ಆಗದವರಂತೆ, ಇದು ಹೆದರುವಂಥದ್ದಲ್ಲ, ಬಹಳ ಮಂದಿಗೆ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ ಎಂದರು. ತುಟಿಯ ತುದಿಯಿಂದ ಕಿವಿಯವರೆಗೆ ಅಂಟುಪಟ್ಟಿ ಎಳೆದು ಹಚ್ಚಿದರು. ಮಲಗುವಾಗ ಕಣ್ಣಿಗೆ ಹರಳೆಣ್ಣೆ ಬಿಟ್ಟು ಬಟ್ಟೆ ಕಟ್ಟಿಕೊಳ್ಳಬೇಕು, ಗಲ್ಲಕ್ಕೆ ಬಿಸಿ ಶಾಖ ಕೊಟ್ಟು ಮೇಲಕ್ಕೆ ತಿಕ್ಕಬೇಕು. “ದಿನಾ ಕನ್ನಡಿ ಮುಂದೆ ಕೂತು ಗಲ್ಲ ಉಬ್ಬಿಸು, ಶಿಳ್ಳೆ ಹಾಕು. ಬರದಿದ್ದರೂ ಹಾಕುತ್ತಿರು. ನಿನಗೆ ಅದೇ ಔಷಧಿ.”

ಅಲ್ಲಿಂದ ಹೊರಡಬೇಕು, ಅತ್ತೆ ಹೊರಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತವರು, ಆ ಜೋರು ಬಾಯಿಯವರು, ಪಿಸುಮಾತಿನಲ್ಲಿ ಕೇಳಿದರು: “ಸಾಮಿ, ಅತ್ತೆ ಬಾಯಲ್ಲಿ ಬಂದ ಮಾತು ಸೊಸೆಗೆ ತಗುಲ್ತದಾ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ಅತ್ತೆ ತಾವು ಬೈದದ್ದನ್ನು ಇದ್ದಂತೆ ಹೇಳಿದರು. ಡಾಕ್ಟರು ನಗಲಿಲ್ಲ. “ಹಾಗೆ ತಗಲುವ ಹಾಗಿದ್ದರೆ ಈ ಜಿಲ್ಲೆಯ ಸೊಸೆಯರೆಲ್ಲ ನನ್ನ ಜಗಲಿಯಲ್ಲೇ ಕೂತಿರುತ್ತಿದ್ದರು ತಾಯಿ. ಹೋಗಿಬನ್ನಿ” ಎಂದರು. ರೈಲಿನಲ್ಲಿ ಬರುವಾಗ ಅತ್ತೆ ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

ಮಾರನೆಯ ದಿನದಿಂದ ಶಿಳ್ಳೆ ಹಾಕಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. “ಏಯ್, ಔಷಧಿ ತಗೊಂಡ್ಯಾ?” ಎಂದು ಅಡಿಗೆ ಮನೆಯಿಂದ ಕೂಗುವುದು. ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಪುಸ್ ಪುಸ್ ಎನ್ನುವುದು. ಹಕ್ಕಿಗಳು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಮೊರ ಹಿಡಿದು ರಾಗಿ ಕೇರಿದ ಸದ್ದಿಗೇ ಅವೆಲ್ಲ ಬಂದು ಇಳಿದವು. ಒಂದು ಗೊರವಂಕ ಅಂಟುಪಟ್ಟಿ ಹಚ್ಚಿದ ನನ್ನ ಮುಖವನ್ನು ಕತ್ತು ವಾರೆ ಮಾಡಿ ನೋಡಿ, ಮತ್ತೆ ಕಾಳು ಹೆಕ್ಕತೊಡಗಿತು. ಅಂದರೆ ಅವು ನನ್ನ ಶಿಳ್ಳೆಗೆ ಎಂದೂ ಬಂದವೇ ಅಲ್ಲ! ಬೇಡದ ಶಿಳ್ಳೆ ಹಾಕಿ ಬೈಸಿಕೊಂಡೆನಲ್ಲ ಎಂದು ಬೇಸರವೂ ಆಯಿತು, ಹೇಗಿದ್ದರೂ ಬಂದವಲ್ಲ ಎಂದು ಸಮಾಧಾನವೂ ಆಯಿತು.

ಸಂಜೆ ಅತ್ತೆ ಒಲೆಯ ಮುಂದೆ ಕೂರಿಸಿಕೊಂಡು, ಉಪ್ಪಿನ ಗಂಟು ಕಾಯಿಸಿ ಗಲ್ಲಕ್ಕೆ ಒತ್ತಿ, ಎಣ್ಣೆ ಹಚ್ಚಿ, ಎತ್ತಿನ ಮೈ ತಿಕ್ಕಿದ ಹಾಗೆ ತಿಕ್ಕುತ್ತಿದ್ದರು. ಯಜಮಾನರು ಊರಿಗೆ ಬಂದಾಗ ನನ್ನ ಎದುರು ಕೂರುವ ಮೊದಲು ದೀಪದ ಬತ್ತಿ ಇಳಿಸುತ್ತಿದ್ದರು. ಈ ಮುಖ ನೋಡಲಾಗದೆ ಹಾಗೆ ಮಾಡುತ್ತಾರೆಂದು ನಾನು ಒಳಗೊಳಗೇ ಸತ್ತುಹೋಗುತ್ತಿದ್ದೆ. ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟೆ. ಅವರು ಕಕ್ಕಾಬಿಕ್ಕಿಯಾಗಿ, “ನಿನ್ ಕಣ್ಣು ಮುಚ್ಚಲ್ಲವಲ್ಲ, ಬೆಳಕು ಚುಚ್ಚೀತು ಅಂತ” ಎಂದರು. ಈ ರೋಗದಲ್ಲಿ ನಮ್ಮ ಮುಖಕ್ಕಿಂತ ನಮ್ಮ ಊಹೆ ಹೆಚ್ಚು ಸೊಟ್ಟಗಾಗುತ್ತದೆ, ಹುಡುಗಿ. ಅದನ್ನು ಯಾವ ಡಾಕ್ಟರೂ ಹೇಳುವುದಿಲ್ಲ.

ಯುಗಾದಿ ಕಳೆಯಿತು. ಕಣ್ಣು ಮುಕ್ಕಾಲು ಮುಚ್ಚುತ್ತಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಆಗ ವೆಂಕಟಿಯನ್ನು ನೋಡಲು ಮಾಲೂರಿನಿಂದ ಗಂಡಿನ ಕಡೆಯವರು ಬರುವುದು ಗೊತ್ತಾಯಿತು. ಇಟ್ಟಿಗೆ ಗೂಡು ಇಟ್ಟುಕೊಂಡಿದ್ದ ಅನುಕೂಲಸ್ಥರು. ವೆಂಕಟಿ ಆ ಸಂಬಂಧಕ್ಕೆ ಆಸೆಪಟ್ಟಿದ್ದಳು, ಅತ್ತೆಯೂ ಕೂಡ. ಮನೆಗೆ ಸುಣ್ಣ ಬಳಿದೆವು, ಕಜ್ಜಾಯ ಕರಿದೆವು. ಒಂದು ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ: ಬಂದವರಿಗೆ ಆರತಿ ಎತ್ತುವವಳು ಮನೆಯ ಸೊಸೆ, ಆ ಸೊಸೆಯ ಮುಖ ಹೀಗಿದೆ. ವೆಂಕಟಿ ನನ್ನನ್ನು ನೋಡಿ ಬೇರೆ ಕಡೆ ತಿರುಗುತ್ತಿದ್ದಳು. ನಾನೇ ಅಂದೆ: “ಅತ್ತೆಮ್ಮ, ಅವತ್ತು ನಾನು ಹಿತ್ಲಲ್ಲಿರ್ತೀನಿ. ತವರಿಗೆ ಹೋಗವ್ಳೆ ಅಂದ್ಬಿಡಿ.” ಅತ್ತೆ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ.

ಅವರು ಬಂದ ಹೊತ್ತಿಗೆ ನಾನು ಹಿತ್ತಲಲ್ಲಿ ಹಳೆಯ ಸೀರೆಯುಟ್ಟು ಕೂತಿದ್ದೆ. ಒಳಗಿನ ಮಾತು, ನಗು, ಲೋಟಗಳ ಸದ್ದು ಎಲ್ಲ ಕೇಳುತ್ತಿತ್ತು. ಕೈ ಸುಮ್ಮನಿರದೆ ಒಂದು ಹಿಡಿ ನುಚ್ಚು ಚೆಲ್ಲಿದೆ. ಬೆಳವಗಳು ಕಾಲ ಹತ್ತಿರಕ್ಕೇ ಬಂದವು. ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆದು ಗಂಡಿನ ಸೋದರತ್ತೆ ಕೈಕಾಲು ತೊಳೆಯಲು ಬಂದಳು. ಹಕ್ಕಿಗಳೆಲ್ಲ ಭರ್ರೆಂದು ಎದ್ದವು. ಸೆರಗು ಎಳೆದುಕೊಳ್ಳುವುದರೊಳಗೆ ಆಕೆ ನನ್ನ ಮುಖ ನೋಡಿಬಿಟ್ಟಿದ್ದಳು.

“ಯಾರಮ್ಮ ನೀನು?”

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ತಾನಾಗಿ ಬಂತು: “ಕೆಲ್ಸದೋಳು ತಾಯಿ.”

ಆಕೆ ತಲೆಯಾಡಿಸಿ ತೊಟ್ಟಿಯ ಕಡೆ ತಿರುಗಿದಳು. ಆಗ ಅತ್ತೆ ಕಂಡರು. ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರು ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿರಲಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

“ಕೆಲ್ಸದೋಳಲ್ಲ. ನನ್ ಸೊಸೆ” ಎಂದರು ಅತ್ತೆ. “ಇರೋಳೊಬ್ಳೇ ಸೊಸೆ. ಚಳಿಗಾಲ್ದಲ್ಲಿ ಹಿಂಗಾಯ್ತು. ಕೋಲಾರದಲ್ಲಿ ತೋರ್ಸಿದೀವಿ, ವಾಸಿ ಆಗ್ತದೆ ಅಂದವ್ರೆ.”

“ತವರಿಗೆ ಹೋಗವ್ಳೆ ಅಂತ ಒಳಗೆ ಹೇಳಿದ್ರಲ್ಲ?”

“ನನ್ ಮಗಳು ಅಂದ್ಲು. ನಾನು ಅನ್ಲಿಲ್ಲ.”

ಆಕೆ ಕಾಲು ತೊಳೆದುಕೊಂಡು ಒಳಗೆ ಹೋದಳು. ಕಜ್ಜಾಯ ತಿಂದು, ತಿಳಿಸುತ್ತೇವೆ ಎಂದು ಹೇಳಿ, ಎಲ್ಲರೂ ಗಾಡಿ ಹತ್ತಿದರು.

ಎಂಟು ಹತ್ತು ದಿನವಾದ ಮೇಲೆ ಸಂಬಂಧ ತಂದಿದ್ದ ಚನ್ನಪ್ಪ ಬಂದು ಜಗಲಿಯ ಮೇಲೆ ಕೂತು ತಲೆ ಕೆರೆದುಕೊಂಡ. ಹುಡುಗಿಯನ್ನು ಒಪ್ಪಿದ್ದರಂತೆ. ಆದರೆ ಮನೆಯಲ್ಲಿ ಮರೆಮಾಚುವ ಬುದ್ಧಿ ಇದೆ, ಶುಭ ಕಾರ್ಯಕ್ಕೆ ಮುಂದೆ ನಿಲ್ಲುವ ಸೊಸೆಯ ಮುಖವೂ ಹಾಗಿದೆ, ಬೇಡ ಎಂದರಂತೆ. ವೆಂಕಟಿ ಒಳಗಿನಿಂದಲೇ ಕೂಗಿದಳು: “ಅತ್ತಿಗೆನೇ ಕೆಲ್ಸದೋಳು ಅಂದಿದ್ರಲ್ಲವ್ವ! ಬಾಯ್ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ?” ಅವಳು ನನ್ನ ಜೊತೆ ಮಾತು ಬಿಟ್ಟದ್ದು ಮುಂದೆ ಅವಳಿಗೆ ಮುಳಬಾಗಿಲಿನಲ್ಲಿ ಮದುವೆ ಗೊತ್ತಾಗುವವರೆಗೂ. ಅವಳ ಮದುವೆಯ ಹೊತ್ತಿಗೆ ನನ್ನ ಬಾಯಿ ಬಹುಪಾಲು ನೆಟ್ಟಗಾಗಿತ್ತು, ಆರತಿಯನ್ನೂ ನಾನೇ ಎತ್ತಿದೆ. ಈಗಲೂ ಜೋರಾಗಿ ನಕ್ಕರೆ ಬಲಗಡೆ ಸ್ವಲ್ಪ ಹಿಂದುಳಿಯುತ್ತದೆ, ಬಿಸಿ ಸಾರು ಉಣ್ಣುವಾಗ ಬಲಗಣ್ಣಲ್ಲಿ ಸುಮ್ಮಸುಮ್ಮನೆ ನೀರು ಬರುತ್ತದೆ. ಅದಕ್ಕೆ ನಾನೂ ಒಗ್ಗಿದ್ದೇನೆ, ನನ್ನ ಜೊತೆ ಉಣ್ಣುವವರೂ ಒಗ್ಗಿದ್ದಾರೆ.

ಚನ್ನಪ್ಪ ಬಂದುಹೋದ ಆ ಸಂಜೆ ಮಾತ್ರ ಹೇಳಲೇಬೇಕು. ಅತ್ತೆ ಎಂದಿನಂತೆ ಎಣ್ಣೆಯ ಬಟ್ಟಲು ಹಿಡಿದು ಬಂದರು. ಮಗಳ ಸಂಬಂಧ ಮುರಿದ ದಿನ ನನ್ನ ಗಲ್ಲ ತಿಕ್ಕುವುದಕ್ಕೆ ಬಂದರಲ್ಲ ಎಂದು ನನಗೆ ನೆಲ ನೋಡುವಂತಾಯಿತು.

“ಅತ್ತೆಮ್ಮ, ನೀವು ಸುಮ್ನಿದ್ದಿದ್ರೆ ಆಗೋಗ್ತಿತ್ತು” ಎಂದೆ. “ನಂಗೇನೂ ಬೇಜಾರಿರ್ಲಿಲ್ಲ.”

ಅವರ ಕೈ ನಿಂತಿತು.

“ನಿಂಗೆ ಬೇಜಾರಿರ್ಲಿಲ್ಲ ಅನ್ನೋದು ನಂಗೊತ್ತು. ಅಷ್ಟು ಸಲೀಸಾಗಿ ಬಂತಲ್ಲ ನಿನ್ ಬಾಯಲ್ಲಿ, ಕೆಲ್ಸದೋಳು ಅಂತ. ಅವತ್ತಿಂದ ಅದೇ ಯೋಚ್ನೆ ನಂಗೆ.” ಎಣ್ಣೆಯ ಬಟ್ಟಲು ಕೆಳಗಿಟ್ಟು ಕೇಳಿದರು: “ಅಂಗೇನಾ ಅಮ್ಮಯ್ಯ, ನಾನು ನಿನ್ನ ಇಟ್ಕೊಂಡಿದ್ದು?”

ಇಲ್ಲ ಎಂದು ಬಾಯಿಮಾತಿಗಾದರೂ ಅನ್ನಬಹುದಿತ್ತು, ಅನ್ನಲಿಲ್ಲ. ಆ ಮನೆಯಲ್ಲಿ ನಾಚಿಕೆಯೆಂಬುದು ನನ್ನೊಬ್ಬಳ ಪಾಲಿಗೆ ಬಂದದ್ದು ಎಂದುಕೊಂಡು ಅಷ್ಟು ದಿನ ಕಳೆದಿದ್ದೆ. ಅವರು ಗಲ್ಲ ತಿಕ್ಕಿ ಮುಗಿಸಿದರು, ಕೈ ಒರೆಸಿಕೊಂಡರು. ನಾನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದ ಸೆರಗನ್ನು ತಾವೇ ಎಳೆದು ನನ್ನ ಸೊಂಟಕ್ಕೆ ಸಿಕ್ಕಿಸಿ, ಬಿಂದಿಗೆಯನ್ನು ನನ್ನ ಕೈಗಿತ್ತರು.

“ನಡಿ, ಬೀದಿ ಬಾವಿಗೆ. ನಾನೂ ಬರ್ತೀನಿ.”

ನೀರು ಸೇದುವ ಹೊತ್ತು, ಊರಿನ ಹೆಂಗಸರೆಲ್ಲ ಬಾವಿಯ ಹತ್ತಿರ ಇದ್ದರು. ಅತ್ತೆ ಮುಂದೆ, ನಾನು ಹಿಂದೆ. ಅವರು ಕೇಳಿದ್ದಕ್ಕೆ ಇಲ್ಲ ಎನ್ನದೆ ಉಳಿದೆನಲ್ಲ ಎಂದು ಆ ದಾರಿಯುದ್ದಕ್ಕೂ ನನಗೆ ನಾಚಿಕೆಯಾಗುತ್ತಲೇ ಇತ್ತು. ಮುಖದ ನೆನಪೇ ಇರಲಿಲ್ಲ.